ನಾಲಿಗೆಯ ಮೇಲಿನ ತಂತಿ

ಪೀರಬಿಯ ಅಂಗಳದಲ್ಲಿ ಬಟ್ಟೆ ಒಣಹಾಕುವುದಕ್ಕೆ ಒಂದು ಕರೀ ತಂತಿ ಕಟ್ಟಿತ್ತು. ಎರಡು ಎಳೆ ಸೇರಿಸಿ ಹೊಸೆದದ್ದು, ಮೇಲೆ ರಬ್ಬರು ಹೊದ್ದದ್ದು. ನಮ್ಮ ಸರಸಂಬಾದಲ್ಲಿ ಅಂಥದ್ದು ಇನ್ನೊಂದು ಮನೆಯಲ್ಲಿರಲಿಲ್ಲ. ನಾವೆಲ್ಲ ಹಗ್ಗದ ಮೇಲೆ, ಬೇಲಿಯ ಮೇಲೆ ಸೀರೆ ಹರವುವವರು. ಆ ತಂತಿ ಲಡಾಯಿಯಿಂದ ಬಂದದ್ದು. ಪೀರಬಿಯ ಗಂಡ ಉಸ್ಮಾನಸಾಬ ಎಪ್ಪತ್ತೊಂದರ ಯುದ್ಧದಲ್ಲಿ ಮಿಲಿಟರಿ ಟೆಲಿಫೋನಿನ ತಂತಿ ಎಳೆಯುವ ಸಿಪಾಯಿಯಾಗಿದ್ದ. ಎರಡು ವರ್ಷದ ಮೇಲೆ ಊರಿಗೆ ಮರಳುವಾಗ ಒಂದು ಟ್ರಂಕು, ಒಂದು ಉಣ್ಣೆ ಕಂಬಳಿ, ಇಪ್ಪತ್ತು ಮೊಳ ತಂತಿ ತಂದ. ಮುಂದಿನ ಎರಡು ಹಲ್ಲು ಅಲ್ಲೇ ಬಿಟ್ಟು ಬಂದ.

ನಾನು ಹೀರಾಬಾಯಿ, ಅವರ ಗೋಡೆಗೆ ಗೋಡೆ ಹಚ್ಚಿದ ಮನೆಯವಳು, ಊರ ಬಾಲವಾಡಿಯಲ್ಲಿ ಮೂವತ್ತು ವರ್ಷ ಮಕ್ಕಳ ಮೂಗು ಒರೆಸಿದವಳು. ನನ್ನ ಬಾಯಿ ಜೋರು ಎಂದು ಊರೆಲ್ಲ ಅನ್ನುತ್ತದೆ. ಅನ್ನಲಿ! ಪೀರಬಿಯ ಕಥೆ ಹೇಳುವುದಕ್ಕೆ ಜೋರು ಬಾಯೇ ಬೇಕು. ಮೆತ್ತಗೆ ಹೇಳಿದರೆ ಅವಳಿಗೆ ಅನ್ಯಾಯವಾಗುತ್ತದೆ.

ಹಿಡಿಯಷ್ಟು ಹೆಂಗಸು ಅವಳು. ಕೌದಿ ಹೊಲಿಯುವುದು ಅವಳ ಕಸುಬು. ಹಳೇ ಸೀರೆ, ಧೋತರ ಕೊಟ್ಟರೆ ಒಂದು ತಿಂಗಳಲ್ಲಿ ಮೂರು ತಲೆಮಾರು ಹೊದೆಯುವಂಥ ಕೌದಿ ಮಾಡಿ ಕೊಡುತ್ತಿದ್ದಳು. ಸೂಜಿ ಹಿಡಿದಾಗ ಮಾತಾಡುತ್ತಿರಲಿಲ್ಲ. ಉಳಿದಾಗಲೂ ಹೆಚ್ಚಿಗೆ ಮಾತಾಡುತ್ತಿರಲಿಲ್ಲ ಎನ್ನಿ. ಮನೆಯ ಮಾತೆಲ್ಲ ಉಸ್ಮಾನಸಾಬನ ಪಾಲು.

ಅವನು ಚಹಾದ ಹೋಟೆಲಿನ ಕಟ್ಟೆಯ ಮೇಲೆ ಕೂತು ಆ ಎರಡು ಹಲ್ಲಿನ ಕಥೆ ಹೇಳುತ್ತಿದ್ದ. ತೋಪಿನ ಗುಂಡು ಬಿದ್ದು ಟೆಲಿಫೋನ್ ತಂತಿ ಹರಿದಿದೆ. ಹೊಲದ ತುಂಬ ಹತ್ತಾರು ತುಂಡು ತಂತಿ ಬಿದ್ದಿವೆ. ಸಾಮಾನಿನ ಚೀಲ ಕೆಸರಲ್ಲಿ ಮುಳುಗಿ ಹೋಗಿದೆ. ಇದರಲ್ಲಿ ತಮ್ಮ ತಂತಿ ಯಾವುದು? ಹಲ್ಲಿನಿಂದ ರಬ್ಬರು ಸುಲಿದು, ಎರಡೂ ಎಳೆಯ ತುದಿಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಕಾಯಬೇಕು. ಆಚೆ ತುದಿಯಲ್ಲಿ ಕೂತವನು ಫೋನಿನ ಹಿಡಿಕೆ ತಿರುವುತ್ತಲೇ ಇರುತ್ತಾನೆ. ಅವನು ತಿರುವಿದಾಗ ನಾಲಿಗೆ ಚುರ್ ಎಂದು ಹಾರಿದರೆ ಅದೇ ಜೀವ ಇರುವ ತಂತಿ. ಹಾಗೆ ಒಂದೇ ದಿನ ಹನ್ನೊಂದು ಕಡೆ ತಂತಿ ಕೂಡಿಸಿದೆ, ಹನ್ನೊಂದನೆಯದಕ್ಕೆ ಹಲ್ಲು ಹೋದವು ಎನ್ನುತ್ತಿದ್ದ.

ಒಂದು ದಿನ ಈ ಕಥೆ ನಡೆದಿರುವಾಗ ಊರ ಗೌಡ ಹಣಮಂತರಾಯ ಆ ದಾರಿಯಲ್ಲಿ ಬಂದ. ನೂರಾರು ಎಕರೆ ಹೊಲದ ಯಜಮಾನ. ಅವನು ಬಂದರೆ ಕಟ್ಟೆಯ ಮೇಲಿನವರೆಲ್ಲ ಎದ್ದು ನಿಲ್ಲುವುದು ವಾಡಿಕೆ. ಎಲ್ಲರೂ ಎದ್ದರು. ಉಸ್ಮಾನಸಾಬ ಮಾತ್ರ ಕಥೆಯ ರಂಗಿನಲ್ಲಿ ಬೂಟುಗಾಲು ಇಳಿಬಿಟ್ಟುಕೊಂಡು ಕೂತೇ ಇದ್ದ. ಅಷ್ಟು ಸಾಕಾಯಿತು.

"ಏನಲೇ ಸಾಬ, ನಾಲಿಗಿಲೇ ಫೋನ್ ಕೇಳ್ತಿದ್ದೀ? ಹಂಗಾದ್ರ ಮೂಗಿಲೇ ರೇಡಿಯೋ ಹಚ್ಚತಿದ್ದೇನು?" ಎಂದ ಗೌಡ. "ಮಿಲಿಟರ್‍ಯಾಗ ಭಾಂಡೆ ತಿಕ್ಕಿ ಬಂದಾನ, ಇಲ್ಲಿ ಬಂದು ಶೂರ ಆಗ್ಯಾನ. ಹಲ್ಲು ಯಾರೋ ಗುದ್ದಿ ಉದುರಿಸಿರಬೇಕು."

ಕಟ್ಟೆಯೆಲ್ಲ ನಕ್ಕಿತು. ನೀರಿಗೆ ಹೊರಟಿದ್ದ ನಾನೂ ಕೊಡ ಹೊತ್ತುಕೊಂಡೇ ನಕ್ಕೆ. ಸುಳ್ಳೇಕೆ ಹೇಳಲಿ? ಮೂಗಿನ ರೇಡಿಯೋ ಎಂದರೆ ನಗು ಬರುವುದಿಲ್ಲವೇ! ಅಂದಿನಿಂದ ಉಸ್ಮಾನಸಾಬನ ಹೆಸರು ‘ನಾಲಿಗಿ ಫೋನ್’ ಎಂದಾಯಿತು. ಅವನು ಕಥೆ ಹೇಳುವುದನ್ನು ಬಿಟ್ಟ. ಆ ನಗುವಿನಲ್ಲಿ ನನ್ನದೂ ಒಂದು ಪಾಲು ಇತ್ತೆಂಬುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಪೀರಬಿ ನುಂಗಿಕೊಳ್ಳುತ್ತಿದ್ದಳೇನೋ. ಎಪ್ಪತ್ತೇಳರಲ್ಲಿ ಅವರ ಒಬ್ಬಳೇ ಮಗಳು ಖುರ್ಷಿದಳನ್ನು ನೋಡಲು ಅಫಜಲಪುರದಿಂದ ಬೀಗರು ಬಂದರು. ಹುಡುಗನ ಹೆಸರು ಹುಸೇನಪೀರ, ಅರಿವೆ ಅಂಗಡಿ ಇಟ್ಟಿದ್ದ, ಓದು ಬರಹ ಬಲ್ಲವನು. ಖುರ್ಷಿದ ಪಡದೆಯ ಸಂದಿನಿಂದ ಅವನನ್ನು ನೋಡಿ ನನ್ನ ಕೈ ಚಿವುಟಿದ್ದಳು. ಆ ಚಿವುಟಿನಲ್ಲೇ ಎಲ್ಲ ಹೇಳಿದ್ದಳು.

ಹೆಣ್ಣು ನೋಡಿದ ಮೇಲೆ ಊರ ದೊಡ್ಡ ಮನೆಗೆ ಹೋಗಿ, ಈ ಮನೆಯವರು ಹೇಗೆ ಎಂದು ವಿಚಾರಿಸುವುದು ನಮ್ಮ ಕಡೆಯ ಪದ್ಧತಿ. ಹಿಂದೂಗಳಾಗಲಿ ಮುಸಲ್ಮಾನರಾಗಲಿ, ದೊಡ್ಡ ಮನೆಯವನ ಒಂದು ಮಾತಿನ ಮೇಲೆ ಮದುವೆ ನಿಲ್ಲುತ್ತದೆ, ಒಂದು ಮಾತಿನ ಮೇಲೆ ಮುರಿಯುತ್ತದೆ. ಬೀಗರು ಗೌಡನ ಮನೆಗೆ ಹೋದರು. ಅವನು ಚಹಾ ಕುಡಿಸಿ ಅಂದನಂತೆ: "ಹುಡುಗಿ ಚಲೋ ಇದ್ದಾಳ. ಆದ್ರ ಅಪ್ಪನ ಬಾಯಾಗ ಖರೇ ಮಾತು ಹುಟ್ಟೂದಿಲ್ಲ. ನಾಲಿಗಿಲೇ ಫೋನ್ ಕೇಳಿದೆ ಅಂತಾನ. ಬೀಜ ಹೆಂಗೋ ಬೆಳಿ ಹಂಗ, ನಿಮಗ ಬಿಟ್ಟದ್ದು."

ಬೀಗರು ಪೀರಬಿಯ ಮನೆಗೆ ಮರಳಲಿಲ್ಲ. ಗೌಡನ ಮನೆಯಿಂದ ಸೀದಾ ಬಸ್ಸಿಗೆ ಹೋದರು. ಪೀರಬಿ ಮಾಡಿಟ್ಟ ಶರಬತ್ತು ಲೋಟಗಳಲ್ಲೇ ಉಳಿಯಿತು, ಸಂಜೆ ಇರುವೆ ಮುತ್ತಿದವು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುಳ್ಳರ ಮನೆ ಎಂಬ ಹೆಸರು ಆಳಂದದವರೆಗೆ ಹೋಯಿತು, ಅಫಜಲಪುರದವರೆಗೆ ಹೋಯಿತು. ಮತ್ತೆ ಯಾರೂ ಹೆಣ್ಣು ನೋಡಲು ಬರಲಿಲ್ಲ. ಕೊನೆಗೆ ಅದೇ ವರ್ಷ ಹತ್ತೊಂಬತ್ತರ ಖುರ್ಷಿದಳನ್ನು ಅಕ್ಕಲಕೋಟೆಯ ಕಟ್ಟಿಗೆ ಡಿಪೋದ ಗುಮಾಸ್ತನಿಗೆ ಕೊಟ್ಟರು. ಹೆಂಡತಿ ಸತ್ತವನು, ವಯಸ್ಸು ನಲವತ್ತೈದು. ಅವನ ಹಿರಿ ಮಗಳು ಖುರ್ಷಿದಳ ಓರಗೆಯವಳು. ಬಾಜಾಬಜಂತ್ರಿಯಿಲ್ಲದೆ ಮದುವೆಯಾಯಿತು. ಖುರ್ಷಿದ ಅಳಲಿಲ್ಲ, ಅಪ್ಪನ ಕೈ ಹಿಡಿದುಕೊಂಡು ಬಸ್ಸಿನವರೆಗೆ ನಡೆದಳು.

ಬಸ್ಸು ಹೊರಟದ್ದೇ ತಡ, ಪೀರಬಿ ತಿರುಗಿ ಗೌಡನ ಅಂಗಳಕ್ಕೆ ಹೋದಳು. ನಾನು ಬೆನ್ನ ಹಿಂದೆಯೇ ಓಡಿದೆ. ಅವಳು ಹೊಸ್ತಿಲಿನ ಈಚೆ ನಿಂತು ಕೂಗಿದಳು:

"ಗೌಡ, ನಿನ್ನ ಹೊಸ್ತಿಲಾ ನಾ ಎಂದೂ ತುಳ್ಯಂಗಿಲ್ಲ. ಆದ್ರ ಒಂದಿನ ಇದೇ ಅಂಗಳದಾಗ, ಊರ ಮುಂದ, ನಿನ್ನ ನಾಲಿಗಿಲೇನೇ ಖರೇ ನುಡಸ್ತೇನಿ. ಅಲ್ಲಿತನಕ ಖುದಾ ನನಗ ಸಾವು ಕೊಡಬಾರದು!"

"ಹೋಗ ಬೇ, ಹೋಗ," ಎಂದು ಗೌಡ ಒಳಗಿನಿಂದಲೇ ನಕ್ಕ.

ಹನ್ನೊಂದು ವರ್ಷ ಕಾದಳು ಮಾರಾಯರೆ, ಹನ್ನೊಂದು ವರ್ಷ! ಊರ ಎಲ್ಲ ಮನೆಗೂ ಕೌದಿ ಹೊಲಿದಳು, ಗೌಡನ ಮನೆಗೆ ಒಂದು ಎಳೆ ದಾರ ಹಾಕಲಿಲ್ಲ. ಗೌಡನ ಹೆಂಡತಿ ಗುರುಶಾಂತಮ್ಮ ಒಳ್ಳೆಯವಳು, ಪ್ರತಿ ವರ್ಷ ಹಳೇ ಸೀರೆಯ ಗಂಟು ಕಳಿಸುವಳು. ಗಂಟು ಹೋದ ಕಾಲಲ್ಲೇ ವಾಪಸು ಬರುತ್ತಿತ್ತು. "ಎಷ್ಟು ದಿನ ಹಿಡಿದುಕೊಂಡು ಕೂಡ್ತೀಯವ್ವ, ಬಿಟ್ಟುಬಿಡು," ಎಂದು ನಾನು ಅಂದರೆ ಪೀರಬಿ ನನ್ನನ್ನೇ ದಿಟ್ಟಿಸುತ್ತಿದ್ದಳು. "ಊರಿಗಿ ಬಂದಾಕಿ ನೀರಿಗಿ ಬರದ ಇರ್ತಾಳೇನು ಹೀರಾ? ಬರ್ತಾನ, ನನ್ನ ಕೈಯಾಗ ಬರ್ತಾನ." ಉಸ್ಮಾನಸಾಬನ ಎದುರು ಈ ಮಾತು ಎತ್ತುತ್ತಿರಲಿಲ್ಲ. ಅವನು ಮಗಳ ಮುಖ ನೆನೆಸಿಕೊಂಡು ನೆನೆಸಿಕೊಂಡೇ ಮುದುಕನಾಗಿದ್ದ. ತಾನು ಕಥೆ ಹೇಳದೆ ಇದ್ದಿದ್ದರೆ ಮಗಳ ಬಾಳು ಉಳಿಯುತ್ತಿತ್ತು ಎಂಬುದು ಅವನ ತಲೆಯಲ್ಲಿ ಹೊಕ್ಕು ಕೂತಿತ್ತು.

ಎಂಬತ್ತೆಂಟರಲ್ಲಿ ಗೌಡ ಟಿ.ವಿ. ತಂದ. ಊರಿಗೇ ಮೊದಲನೆಯದು. ಅದಕ್ಕೂ ಮೊದಲೇ ಅವನ ಮನೆಗೆ ಫೋನ್ ಬಂದಿತ್ತು, ಹಿಡಿಕೆ ತಿರುವಿ ಆಳಂದದ ಎಕ್ಸ್‌ಚೇಂಜಿಗೆ ಮಾತಾಡುವ ಕಪ್ಪು ಪೆಟ್ಟಿಗೆ. ಎರಡನ್ನೂ ಊರಿಗೆ ಕಾಣಲಿ ಎಂದು ಹೊರಗಿನ ಕಟ್ಟೆಯ ಮೇಲೆ ಇಡಿಸಿದ್ದ. ರವಿವಾರ ಮುಂಜಾನೆ ಲಡಾಯಿಯ ಧಾರಾವಾಹಿ ಬರುತ್ತಿತ್ತು. ಹಿಂದಿಯಲ್ಲಿದ್ದರೇನು, ಗುಂಡು ಹಾರುವುದಕ್ಕೆ ಭಾಷೆ ಬೇಕೆ? ಊರೆಲ್ಲ ಆ ಅಂಗಳದಲ್ಲಿ ಕೂಡುತ್ತಿತ್ತು. ಪೀರಬಿ, ಉಸ್ಮಾನಸಾಬ ಇಬ್ಬರು ಮಾತ್ರ ಬರುತ್ತಿರಲಿಲ್ಲ.

ಆ ರವಿವಾರದ ಕಂತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಗಡಿಯ ಒಂದು ಠಾಣೆ, ಸುತ್ತ ವೈರಿಗಳು, ಟೆಲಿಫೋನ್ ಸತ್ತಿದೆ. ಮೀಸೆ ಮೂಡದ ಒಬ್ಬ ಸಿಪಾಯಿ ಕೆಸರಿನಲ್ಲಿ ತೆವಳಿಕೊಂಡು ಹೊರಟ. ತಂತಿಯ ತುಂಡುಗಳು ಸಿಕ್ಕವು. ಚೀಲ ತಡವಿದ, ಚೀಲವಿಲ್ಲ. ಒಂದು ತುಂಡನ್ನು ಬಾಯಿಗೆ ಹಾಕಿ ರಬ್ಬರು ಕಚ್ಚಿ ಎಳೆದ. ಎರಡೂ ತುದಿಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದ. ಆ ಕಡೆ ಠಾಣೆಯಲ್ಲಿ ಒಬ್ಬ ಹಿಡಿಕೆ ತಿರುವುತ್ತಿದ್ದ. ಸಿಪಾಯಿಯ ಮೈಯೆಲ್ಲ ಜಗ್ಗನೆ ಹಾರಿತು. ಕೆಸರು ಮೆತ್ತಿದ ಮುಖದಲ್ಲಿ ನಕ್ಕ.

ಇನ್ನೂರು ಜನರಲ್ಲಿ ಮೊದಲು ಬಾಯಿ ಬಿಟ್ಟವನು ಬಂಡಿ ಹೊಡೆಯುವ ಲಾಲಸಾಬ.

"ಯಾ ಅಲ್ಲಾ! ಇದು ನಮ್ಮ ಉಸ್ಮಾನ ಹೇಳಿದ್ದ ಅಲಾ?"

ತಲೆಗಳೆಲ್ಲ ಟಿ.ವಿ. ಬಿಟ್ಟು ಗೌಡನ ಕಡೆಗೆ ತಿರುಗಿದವು. ಗೌಡ ಮೀಸೆ ಒರೆಸಿಕೊಂಡ. "ಏ, ಇದೆಲ್ಲ ಸಿನೇಮಾದವ್ರ ಕಟ್ಟುಕಥಿ. ಇಂಥಾದ್ದ ಎಲ್ಯೋ ನೋಡಿ ಸಾಬ ಕಲ್ತಾನ."

"ಈ ಪೆಟ್ಟಿಗಿ ಬಂದು ಆರು ತಿಂಗಳಾತ್ರಿ ಗೌಡ್ರ," ಎಂದ ಲಾಲಸಾಬ. "ಉಸ್ಮಾನ ಹೇಳಿ ಹದಿನೈದು ವರ್ಷಾತು."

ಯಾರೋ ಕಿಸಕ್ಕೆಂದರು. ಗೌಡ ಎದ್ದು ಟಿ.ವಿ. ಬಂದ್ ಮಾಡಿ ಒಳಗೆ ಹೋದ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಪೀರಬಿಯ ಮನೆಗೆ ಓಡಿದೆ.

ಪೂರಾ ಕೇಳಿದ ಮೇಲೆ ಅವಳು ಸೂಜಿಯನ್ನು ಕೌದಿಗೆ ಚುಚ್ಚಿ ನಿಲ್ಲಿಸಿದಳು. ಖುಷಿಯಿಂದ ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

"ಎಷ್ಟ ಮಂದಿ ನೋಡ್ಯಾರ?"

"ಊರ ಊರೇ ನೋಡ್ಯಾದವ್ವ."

"ಫೋನ್ ಕಟ್ಟಿ ಮ್ಯಾಲೇ ಅದ ಏನು?"

"ಅಲ್ಲೇ ಅದ."

ಅವಳು ಅಂಗಳದ ತಂತಿಯನ್ನು ನೋಡಿದಳು. ಮೂಲೆಯಲ್ಲಿ ಕೂತಿದ್ದ ಉಸ್ಮಾನಸಾಬ, "ಬ್ಯಾಡ ಪೀರಬಿ, ಹೋದದ್ದು ಹೋತು," ಎಂದ. "ನಿಮಗ ಹೋಗಿರಬೇಕು. ನನಗ ಹೋಗಿಲ್ಲ," ಎಂದಳು ಅವಳು.

ಮುಂದಿನ ರವಿವಾರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಧಾರಾವಾಹಿಗೆ ಇನ್ನೂ ಹೊತ್ತಿತ್ತು. ಪೀರಬಿ ಆ ಕರೀ ತಂತಿಯ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದಳು, ಹಿಂದೆ ತಲೆ ತಗ್ಗಿಸಿಕೊಂಡು ಉಸ್ಮಾನಸಾಬ. ಜನ ತಾವಾಗಿಯೇ ದಾರಿ ಬಿಟ್ಟರು.

"ಗೌಡ, ನಿನ್ನ ಫೋನಿಗಿ ಈ ತಂತಿ ಹಚ್ಚತಾರ. ನನ್ನ ಗಂಡ ಆ ಬೇವಿನ ಗಿಡದ ಹತ್ರ ಬೆನ್ನು ಮಾಡಿ ನಿಂದರ್ತಾರ. ನೀ ನಿನ್ನ ಕೈಲೇನೇ ಹಿಡಕಿ ತಿರುವು. ನೀ ತಿರುವಿದಾಗೊಮ್ಮೆ ಅವರು ಕೈ ಎತ್ತತಾರ. ಒಂದು ಸಲ ತಪ್ಪಿದ್ರ ನಾವು ಊರು ಬಿಡ್ತೇವಿ."

ಇನ್ನೂರು ಜನರ ಎದುರು ಒಲ್ಲೆ ಎನ್ನುವುದಕ್ಕಾಗುತ್ತದೆಯೇ? "ಆತು, ಹಚ್ಚು," ಎಂದ ಗೌಡ.

ಉಸ್ಮಾನಸಾಬ ಫೋನಿನ ಹಿಂದಿನ ಎರಡು ತಿರುಪು ಬಿಚ್ಚಿ, ಆಳಂದದ ತಂತಿ ಕಳಚಿ, ತನ್ನ ತಂತಿಯನ್ನು ಹಚ್ಚಿದ. ಹದಿನೈದು ವರ್ಷದ ಮೇಲೂ ಕೈಗೆ ಕೆಲಸ ನೆನಪಿತ್ತು. ಬೇವಿನ ಗಿಡದವರೆಗೆ ತಂತಿ ಹಾಸಿ, ಬೆನ್ನು ಮಾಡಿ ನಿಂತು, ತುದಿಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡ. ಗೌಡ ಹಿಡಿಕೆ ತಿರುವಿದ. ಮುದುಕನ ಭುಜ ಹಾರಿತು, ಕೈ ಮೇಲೆ ಹೋಯಿತು. ಗೌಡ ಸುಮ್ಮನೆ ಕಾದ, ಕೈ ಏಳಲಿಲ್ಲ. ಮತ್ತೆ ತಿರುವಿದ, ಕೈ ಎದ್ದಿತು. ಆರು ಸಲ ತಿರುವಿದರೆ ಆರು ಸಲವೂ ಕೈ ಎದ್ದಿತು. ಜನ ಓಹೋ ಎಂದು ಕೂಗಿದರು.

"ತಡೀರಿ!" ಗೌಡ ಕೈ ಎತ್ತಿದ. ಅವನೂ ಹುಂಬನಲ್ಲ. "ಹಿಡಕಿ ಗರಗರ ಅಂತದ. ಆ ಸಪ್ಪಳ ಕೇಳಿ ಕೈ ಎತ್ತ್ಯಾನ. ನಾಲಿಗಿ ಅಲ್ಲ, ಕಿವಿ!"

ಜನ ಗುಸುಗುಸು ಎಂದರು. ಮಾತು ಸುಳ್ಳಲ್ಲ, ಸಪ್ಪಳ ನನಗೂ ಕೇಳಿತ್ತು. ಇಷ್ಟು ದೂರ ಬಂದು ಈಗ ತಪ್ಪಿತಲ್ಲಪ್ಪ ಎಂದುಕೊಂಡು ಪೀರಬಿಯ ಮುಖ ನೋಡಿದರೆ, ಅವಳು ನಗುತ್ತಿದ್ದಳು! ಹನ್ನೊಂದು ವರ್ಷದಲ್ಲಿ ಅವಳ ಹಲ್ಲು ನಾನು ಕಂಡದ್ದು ಅದೇ ಮೊದಲು. ಅವಳು ಈ ಮಾತಿಗೇ ಕಾದಿದ್ದಳು ಎಂದು ಆಗ ನನಗೆ ಹೊಳೆಯಿತು.

"ಖರೇ ಅಂದಿ ಗೌಡ. ಬರೇ ಸಪ್ಪಳ ಇರಬೇಕು, ತಂತ್ಯಾಗ ಏನೂ ಇರಲಿಕ್ಕಿಲ್ಲ. ಹಂಗಾದ್ರ ನಿನ್ನ ನಾಲಿಗಿ ಮ್ಯಾಲ ಇಟಗೋ. ನಾ ತಿರುವ್ತೇನಿ."

ಒಲ್ಲೆ ಎಂದರೆ ಉಸ್ಮಾನಸಾಬ ಹೇಳಿದ್ದು ಖರೇ ಎಂದು ಒಪ್ಪಿದಂತೆ. ಇಟ್ಟುಕೊಂಡರೆ ನಾಲಿಗೆಯೇ ಹೇಳುತ್ತದೆ. ಗೌಡ ಹೆದರುತ್ತಾನೆ ಎಂದುಕೊಂಡೆ. ಇಲ್ಲ! ಅವನು ತಲೆಯ ಪಟಕ ಸರಿ ಮಾಡಿಕೊಂಡು, ನಗುತ್ತ ಕಟ್ಟೆಯಿಂದ ಇಳಿದು ಬೇವಿನ ಗಿಡದ ಹತ್ತಿರ ಹೋದ. "ಕೊಡಲೇ," ಎಂದು ತಂತಿ ಕಸಿದುಕೊಂಡು ನಾಲಿಗೆ ಚಾಚಿದ. ಅಂದರೆ ಆ ಮನುಷ್ಯ ಹದಿನೈದು ವರ್ಷವೂ ಅದನ್ನು ಸುಳ್ಳೆಂದೇ ನಂಬಿದ್ದ. ಕೇಡು ಬಗೆದು ಸುಳ್ಳು ಹಚ್ಚಿದನೆಂದು ನಾವು ತಿಳಿದಿದ್ದೆವು, ಅವನಿಗೋ ಖರೇ ಯಾವುದೆಂದು ವಿಚಾರಿಸುವ ದರ್ದೇ ಬಿದ್ದಿರಲಿಲ್ಲ. ಇದು ಅದಕ್ಕಿಂತ ಕಡಿಮೆ ಪಾಪವೇ? ಒಂದು ಹುಡುಗಿಯ ಬಾಳು ಮುರಿಯುವ ಮೊದಲು ಒಂದು ತಂತಿ ಮುಟ್ಟಿ ನೋಡಲಾರದವನು!

ಉಸ್ಮಾನಸಾಬ ಮೆಲ್ಲಗೆ ಎಂದ, "ಗೌಡ್ರ, ಬ್ಯಾಡ್ರಿ. ಜೋರ್ ಹೊಡಿತದ್ರಿ."

"ಸುಮ್ಮನಿರಲೇ."

ಪೀರಬಿ ಅಂಗಳದಲ್ಲೇ ನಿಂತು, ಹೊಸ್ತಿಲು ತುಳಿಯದೆ, ಕಟ್ಟೆಯ ಮೇಲಿನ ಫೋನಿನ ಹಿಡಿಕೆ ಹಿಡಿದಳು. "ಇದು ಖುರ್ಷಿದನ ಶರಬತ್ತಿಗಿ," ಎಂದು ತಿರುವಿದಳು.

ಗೌಡ ಚೀರಿದ್ದು ಊರಾಚೆ ಕೇಳಿರಬೇಕು. ಪಟಕ ಒಂದು ಕಡೆ, ಚಪ್ಪಲಿ ಒಂದು ಕಡೆ, ನಾಲಿಗೆ ಹೊರಗೆ ಹಾಕಿಕೊಂಡು ನೆಲದ ಮೇಲೆ ಕೂತುಬಿಟ್ಟ. ತಂತಿ ಬಾಯಿಂದ ಯಾವಾಗಲೋ ಬಿದ್ದಿತ್ತು. ಪೀರಬಿ ತಿರುವುತ್ತಲೇ ಇದ್ದಳು. ಬರೀ ತಂತಿಗೆ, ಗರಗರ ಗರಗರ, ಹನ್ನೊಂದು ವರ್ಷದ್ದು. ಕೊನೆಗೆ ಉಸ್ಮಾನಸಾಬನೇ ಬಂದು ಅವಳ ಕೈ ಹಿಡಿದ.

ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಹಳೆಯ ನಗುವಿನ ಋಣ ಅಲ್ಲಿಗೆ ತೀರಿತೆಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಗುರುಶಾಂತಮ್ಮ ನೀರಿನ ತಂಬಿಗೆ ತಂದು ಗಂಡನ ಮುಂದೆ ಇಟ್ಟು, "ಮಾಡಿದ್ದುಣ್ಣೋ ಮಹರಾಯ," ಎಂದು ಒಳಗೆ ಹೋದಳು.

ನೀರು ಕುಡಿದು ಗೌಡ ತಲೆ ಎತ್ತಿದ. ನಾಲಿಗೆ ಇನ್ನೂ ದಪ್ಪಗಾಗಿತ್ತು. "ಉಸ್ಮಾನ, ನೀ ಹೇಳಿದ್ದು ಖರೇ ಅದ," ಎಂದ. ಎಲ್ಲರಿಗೂ ಕೇಳಿತು.

"ಅವರಿಗಿ ಹೇಳಿ ಏನ್ ಆಗೂದದ?" ಎಂದಳು ಪೀರಬಿ. "ನನ್ನ ಮಗಳಿಗಿ ಹೇಳು. ಫೋನ್ ಅದ ಅಲಾ."

ಉಸ್ಮಾನಸಾಬ ಆಳಂದದ ತಂತಿಯನ್ನು ಮರಳಿ ಹಚ್ಚಿದ. ಗೌಡ ಅದೇ ಹಿಡಿಕೆಯನ್ನು ಬೆರಳ ತುದಿಯಲ್ಲಿ ಹೆದರಿ ಹೆದರಿ ತಿರುವಿ, ಅಕ್ಕಲಕೋಟೆಯ ಕಟ್ಟಿಗೆ ಡಿಪೋಕ್ಕೆ ಟ್ರಂಕಾಲ್ ಬುಕ್ ಮಾಡಿದ. ಡಿಪೋದ ಹಿಂದೆಯೇ ಖುರ್ಷಿದಳ ಮನೆ. ಕಾಲ್ ಸಿಗುವುದಕ್ಕೆ ಒಂದೂವರೆ ತಾಸು ಹಿಡಿಯಿತು. ಅಂಗಳದಿಂದ ಒಬ್ಬರೂ ಏಳಲಿಲ್ಲ. ಧಾರಾವಾಹಿಯ ಹೊತ್ತು ಬಂತು, ಹೋಯಿತು, ಟಿ.ವಿ. ಹಚ್ಚು ಎಂದು ಯಾರೂ ಅನ್ನಲಿಲ್ಲ.

ಫೋನಿನ ಗಂಟೆ ಬಡಿಯಿತು. ಗೌಡ ಫೋನ್ ಎತ್ತಿದ. "ಖುರ್ಷಿದ ಏನವ್ವ? ನಾನು ಸರಸಂಬಾದ ಹಣಮಂತರಾಯ. ನಿಮ್ಮಪ್ಪ ಖರೇ ಹೇಳಿದ್ದ. ನಾನೇ ಸುಳ್ಳ ಹೇಳಿದೆ, ಅಫಜಲಪುರದವ್ರ ಮುಂದ ಸುಳ್ಳ ಹೇಳಿದೆ." ಆಮೇಲೆ ಫೋನನ್ನು ಕಿವಿಗೆ ಒತ್ತಿ ಹಿಡಿದ. ಆ ಕಡೆಯ ಮಾತು ನಮಗೆ ಕೇಳಲಿಲ್ಲ. ಅವನು ಒಂದೇ ಮಾತು ಬಾಯೊಳಗೇ ಗೊಣಗಿ ಫೋನ್ ಕಿವಿಯಿಂದ ಇಳಿಸಿದ.

"ಏನಂದಳು?" ಪೀರಬಿ ಕೇಳಿದಳು.

ಗೌಡ ಅವಳ ಮುಖ ನೋಡಲಿಲ್ಲ. "‘ನಮ್ಮಪ್ಪ ಖರೇ ಹೇಳ್ತಾನಂತ ನನಗ ಮೊದಲೇ ಗೊತ್ತದ. ಬ್ಯಾರೆ ಏನರ ಹೇಳೂದದ ಏನ್ರಿ?’ ಅಂತ ಕೇಳಿದಳ್ರಿ."

"ನೀ ಏನಂದಿ?"

"ಏನಿಲ್ಲಂದೆನ್ರಿ."

ಜೀವಮಾನವಿಡೀ ‘ಬೇ’ ಎಂದ ಬಾಯಿ ಪೀರಬಿಗೆ ‘ರಿ’ ಎಂದದ್ದು ಅದೇ ಮೊದಲು. ಪೀರಬಿ ಆಗ ಅತ್ತಳು. ಮಗಳನ್ನು ಬಸ್ಸಿಗೆ ಹತ್ತಿಸಿದ ದಿನ ಅಳದೆ ಉಳಿದದ್ದನ್ನೆಲ್ಲ, ಇನ್ನೂರು ಜನರ ನಡುವೆ ನಿಂತು, ಸೆರಗಿನಿಂದಲೂ ಮುಖ ಮುಚ್ಚಿಕೊಳ್ಳದೆ ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ತಂತಿಯನ್ನು ಮೊಳಕೈಗೆ ಸುತ್ತಿಕೊಂಡು ಮನೆಗೆ ಹೊರಟಳು.

ಸಂಜೆಗೆ ತಂತಿ ಅವಳ ಅಂಗಳದಲ್ಲಿತ್ತು, ಅದರ ಮೇಲೆ ಉಸ್ಮಾನಸಾಬನ ಅಂಗಿ ಒಣಗುತ್ತಿತ್ತು. ಅವನು ಹೋಟೆಲಿನ ಕಟ್ಟೆಯ ಮೇಲೆ ಕೂತು ಹನ್ನೊಂದು ಕಡೆ ತಂತಿ ಕೂಡಿಸಿದ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದ. ಆ ಚಳಿಗಾಲದಲ್ಲಿ ಗುರುಶಾಂತಮ್ಮ ಮತ್ತೆ ಹಳೇ ಸೀರೆಯ ಗಂಟು ಕಳಿಸಿದಳು, ಎಲ್ಲ ಮುಗಿಯಿತಲ್ಲ ಎಂದು. ಪೀರಬಿ ಗಂಟು ಬಿಚ್ಚದೆ ಅದೇ ಕಾಲಲ್ಲಿ ವಾಪಸು ಕಳಿಸಿದಳು.